ಕಾಣದ ಬೆಳಕು

“ಕಣ್ಣು ಬಂದಾವ, ಊರಿಗಿ ಬರ್ತೀನಿ,” ಎಂದು ಇಂಜಿನಿಯರಿಂಗ್ ಓದುವ ಹಿರಿಮಗಳು ಪೂನಮ್ ಫೋನಿನಲ್ಲಿ ಅಂದದ್ದೇ ತಡ, ಸರುಬಾಯಿ ಬಡಿಯುತ್ತಿದ್ದ ರೊಟ್ಟಿ ಬಿಟ್ಟು ಕಿರಿಮಗಳು ಕಾಜಲಳೊಂದಿಗೆ ಅವಳನ್ನು ಕರೆದೊಯ್ಯಲು ಉಮರ್ಗಾ ಬಸ್‌ಸ್ಟ್ಯಾಂಡಿಗೆ ಬಂದಳು. ಪಕ್ಕದ ಬೆಂಚಿನಲ್ಲಿ ಕಾಲೇಜಿನ ಇಬ್ಬರು ಸರ್‌ಗಳು ಮಾತಾಡುತ್ತಿದ್ದರು.

“ಆ ಹುಡುಗಿ ಲ್ಯಾಬಿನ್ಯಾಗ ಲೇಸರ್ ಹಾಯೂ ಫೈಬರ್ ಕೇಬಲ್ ತುದಿಗಿ ಕಣ್ಣ ಹಚ್ಚ್ಯಾಳ್ರೀ, ಬೋರಿನ ಪೈಪಿನ್ಯಾಗ ನೀರ ಬಂತೇನಂತ ಇಣುಕಿದಂಗ.”

“ಒಕ್ಕಲುತನದ ಮನಿ ಹುಡುಗಿ, ಇಣುಕೂದs! ಆ ಲೇಸರ್ ಬೆಳಕು ಕಾಣೂದಿಲ್ಲ, ಕಣ್ಣ ಸುಡ್ತದಂತ ನೀವು ಹೇಳಿದ್ದಿಲ್ಲೇನು?”

“ನಾ ರಿಸರ್ಚ್ ಪೇಪರ್ ಬರ್ಯಾಕ ಕುಂತಿದ್ದೆ. ಲ್ಯಾಬ್ ಆಕಿ ಮ್ಯಾಲ ಬಿಟ್ಟಿದ್ದೆ.”

“ಡಾಕ್ಟರ್ ಏನಂದ್ರು?”

“ಬಲಗಣ್ಣು ಹೋತಂದ್ರು.”

“ಮನಿಯವರಿಗಿ?”

“ಕಣ್ಣು ಬಂದಾವ ಅನ್ನು ಅಂತ ನಾನs ಹೇಳಿಕೊಟ್ಟೀನಿ.”

ಬೀದರ ಬಸ್ಸು ಬಂತು. ಇಬ್ಬರೂ ಹತ್ತಿ ಹೋದರು. ಸರುಬಾಯಿಯ ಬೆರಳಿಗೆ ಅಂಟಿದ್ದ ಹಿಟ್ಟು ಒಣಗಿತ್ತು.

ಕಾಜಲ ಅವಳ ಸೆರಗು ಎಳೆದಳು.

“ಯವ್ವಾ, ಅವರು ಅಂದಿದ್ದು ನಮ್ಮ ಅಕ್ಕಗೇನು?”