ಡಬ್ಬಿಗೆ ಹಾಕಿದ ಕೊಂಡಿ

ರಾಯದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಬಸವರಾಜೇಶ್ವರಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮಾಳಿಗೆ ಮೇಲಿನ ನೀರಿನ ಟ್ಯಾಂಕನ್ನು ಇವತ್ತೇ ತೊಳೆಯಬೇಕೆಂದು ಗಂಡನಿಗೆ ತಾಕೀತು ಮಾಡಿ ಬಂದಿದ್ದಳು. ಏಣಿಯ ಒಂದು ಕಾಲು ಅಲ್ಲಾಡುವುದು ಈಗ ನೆನಪಾಗಿತ್ತು. ಪಕ್ಕದಲ್ಲೇ ಬಣ್ಣ ಮೆತ್ತಿದ ಅಂಗಿಯ ಇಬ್ಬರು, ಮಾವ ಅಳಿಯ, ಮಾತಿಗಿಳಿದಿದ್ದರು.

"ನಿನ್ನೆ ಮೂರನೇ ಫ್ಲೋರಿಗೆ ಬಣ್ಣ ಹೊಡಿವಾಗ ಸೇಫ್ಟಿ ಬೆಲ್ಟ್ ಹಾಕ್ಕಂಡಿದ್ದಿಯೇನಲೇ?"

"ಹಾಕ್ಕಂಡಿದ್ದೆ ಮಾವ."

"ಅದರ ಕೊಂಡಿ ಎಲ್ಲಿ ಸಿಗಿಸಿದ್ದಿ?"

"ಬಣ್ಣದ ಡಬ್ಬಿಗೆ."

"ಡಬ್ಬಿಗಾ?"

"ಎರಡೂ ಕೈ ಖಾಲಿ ಇರ್ತಾವಲ್ಲ. ಡಬ್ಬಿನೂ ಬೀಳಂಗಿಲ್ಲ."

"ನೀ ಬಿದ್ರ ಆ ಡಬ್ಬಿ ನಿನ್ನ ಹಿಡಕಂತೈತೇನು?"

ಅಳಿಯ ನಕ್ಕ. ಮಾವ ನಗಲಿಲ್ಲ.

"ಹೋದ ವರ್ಷ ಬಿದ್ದು ಸತ್ತನಲ್ಲ ತಿಪ್ಪೇಶಿ, ಅವನೂ ಹಿಂಗ ನಗ್ತಿದ್ದ."

ಬಸವರಾಜೇಶ್ವರಿಗೆ ತಡೆಯಲಾಗಲಿಲ್ಲ. ಫೋನು ತೆಗೆದು ಗಂಡನ ನಂಬರ್ ಒತ್ತಿದಳು. ಅಷ್ಟರಲ್ಲಿ ಬಳ್ಳಾರಿ ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟ ಮಾವ ಹಿಂದಿದ್ದ ಅಳಿಯನತ್ತ ತಿರುಗಿದ.

"ಇನ್ನೊಂದು ಮಾತು ಕೇಳು. ಮ್ಯಾಲಿದ್ದಾಗ ಹೆಂಡ್ತಿ ಫೋನ್ ಮಾಡಿದ್ರೂ ಎತ್ತಬ್ಯಾಡ. ತಿಪ್ಪೇಶಿ ಅದನ್ನ ಎತ್ತಾಕ ಹೋಗೇ ಬಿದ್ದಿದ್ದು."

ಇಬ್ಬರೂ ಹತ್ತಿದರು, ಬಸ್ಸು ಹೊರಟಿತು. ಬಸವರಾಜೇಶ್ವರಿಯ ಕಿವಿಯಲ್ಲಿ ಆಗಲೇ ಮೂರನೇ ರಿಂಗು.