ಕೆಂಚಗ ದಾಟಾಕ ಬಿಡದ ಹೊಳಿ

...ಇಲ್ಲ ಇಲ್ಲ, ಚಾ ಬ್ಯಾಡ. ಕುಂದ್ರಾಕ ಬಂದಿಲ್ಲ ನಾ. ಹೋಗ್ಲಿ, ಕುಂದ್ರತೇನಿ. ಆದ್ರ ಸುನೀಲ, ನಿನ್ನೆ ನೀ ಆಟ ಅರ್ಧಕ್ಕ ಬಿಟ್ಟು ಎದ್ದು ಬಂದದ್ದು ಸರಿ ಅಲ್ಲ. ಅಷ್ಟ ಹೇಳಾಕ ಬಂದೇನಿ.

ಯಾಕ ನಗ್ತಿ? ಇಷ್ಟು ವರ್ಷಾತು, ಐತವಾರಕ್ಕೊಮ್ಮೆ ನನ್ನ ಚಷ್ಮಾದಂಗಡಿ ಮ್ಯಾಲಿನ ಖೋಲ್ಯಾಗ ಕೂಡಿ ಬಾಯಿಲೆ ಕಥಿ ಕಟ್ಟೂ ಆಟ ಆಡ್ತೇವಿ. ನೀನು, ಹೊಳಬಸಪ್ಪ, ನಮ್ಮನಿಯಾಕಿ ಮುಬಶೀರಾ... ನಿಮಗ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಆ ಪಾತ್ರ ಏನ್ ಮಾಡ್ತೈತಿ ಅನ್ನೂದು ನಿಮ್ಮ ಕೈಯಾಗ. ಉಳಿದದ್ದೆಲ್ಲಾ, ಮಳಿ, ಗಾಳಿ, ಕಳ್ಳರು, ರಾಜರು, ನನ್ನ ಕೈಯಾಗ. ಆಟ ನಡಸಾಂವ ನಾ. ಒಪ್ಪಿದ್ದಿಲ್ಲೇನು?

ಹಾಂ, ಗೊತ್ತೈತಿ. ಗೆಲುವು ಸೋಲು ದಾಳ ಹೇಳ್ತೈತಿ, ಅದು ಹೇಳಿದ್ದು ನಾನೂ ಕೇಳಬೇಕು. ಖರೆ.

ಈಗ ನಿನ್ನ ಕೆಂಚನ್ನ ತಗೋ. ಅಂಬಿಗ. ಮಂದೀನ ಹೊಳಿ ದಾಟಿಸಿ ತಿರುಗಿ ಬರಾಂವ, ಈ ದಂಡಿ ಬಿಟ್ಟು ಎಲ್ಲೂ ಉಳಿದಾಂವಲ್ಲ. ಹೋದ ತಿಂಗಳ ಒಮ್ಮಿಂದೊಮ್ಮೆಲೆ ಅಂದಿ, "ಕೆಂಚ ಹೊಳಿ ದಾಟಿ ರತ್ನಾವತಿ ಪಟ್ಟಣಕ್ಕ ಹೋಗ್ತಾನ. ಅಲ್ಲೇ ಇರ್ತಾನ." ಆತು. ಹೊಳಿ ತುಂಬಿ ಪೂರ ಬಂತು. ಹೊಳಿ ಅಂದಮ್ಯಾಲೆ ಪೂರ ಬರ್ತೈತಿ! ಮುಂದಿನ ಐತವಾರ ನೀರು ಇಳೀತು, ದೋಣಿಗೆ ತೂತು ಬಿತ್ತು. ಹಳೇ ದೋಣಿ, ನಾ ಏನ್ ಮಾಡ್ಲಿ? ನೀ ಸುತ್ತ ಹಾದು ಸೇತುವಿಗೆ ಹೋದಿ. ಸೇತುವಿ ಮ್ಯಾಲೆ ರಾಕ್ಷಸ.

ಏನು? ಮೊದಲು ಅಲ್ಲಿ ರಾಕ್ಷಸ ಇದ್ದಿಲ್ಲ? ಇದ್ದ. ಮಲಗಿದ್ದ.

ನಿನ್ನೆ ನಿನ್ನ ಇಪ್ಪತ್ತು ಮುಖದ ದಾಳ ಇಪ್ಪತ್ತಕ್ಕ ಇಪ್ಪತ್ತು ಬಿತ್ತು. ಹೊಳಬಸಪ್ಪ ಎದ್ದು ಚಪ್ಪಾಳಿ ಹೊಡದ. ರಾಕ್ಷಸ ಸತ್ತ. ನಾ ಎಲ್ಲಿ ಇಲ್ಲಂದೆ? ಸತ್ತ. ಸತ್ತು ಬಿದ್ದ ಹೊಡತಕ್ಕ ಸೇತುವಿ ಮುರೀತು. ಅಷ್ಟು ದೊಡ್ಡ ಮೈ ಲೇ, ಭಾರ ಇರ್ತೈತಲ್ಲ!

ಅಷ್ಟಕ್ಕ "ಜುಬೇರ, ಇದು ಆಟ ಅಲ್ಲ, ನೀ ಒಬ್ಬಾಂವ ಹೇಳೂ ಕಥಿ" ಅಂದು ಚಪ್ಪಲಿ ಮೆಟ್ಟಿದಿ. ಮುಬಶೀರಾ ಮಂಡಕ್ಕಿ ಕಲಸಿ ಮಾಡಿದ ಗಿರಮಿಟ್ಟು ಹಂಗ ಉಳೀತು. ಈಗ ಆಕಿನೂ ನನ್ನ ಜೋಡಿ ಮಾತು ಬಿಟ್ಟಾಳ.

ನಾ ಅಡ್ಡ ಬಂದದ್ದು ಕೆಂಚನ ಒಳ್ಳೇದಕ್ಕ. ವಿಚಾರ ಮಾಡು. ಇಲ್ಲಿ ಅವಂಗ ಮಂದಿ ಅದಾರ. ಜ್ವರ ಬಂದ್ರ ಗಂಜಿ ಕಾಸಿ ಕೊಡಾವ್ರು ಅದಾರ. ಹೊಸಪೇಟ್ಯಾಗ ಯಾರದಾರ ಅವಂಗ?

...

ಏನಾತು?

ರತ್ನಾವತಿ ಅಂದೆ. ರತ್ನಾವತಿ ಅಂತನ ಅಂದೆ ನಾ... ಹೊಸಪೇಟಿ ಅಂದ್ನೇನು? ಬಾಯಿ ತಪ್ಪಿರಬೇಕು.

ಹಂಗ್ಯಾಕ ನೋಡ್ತಿ? ಬೈಯೂದಿದ್ರ ಬೈ.

...ನಿಮ್ಮ ಗ್ರಾನೈಟ್ ಆಫೀಸಿನಾಂವ ಚಷ್ಮಾ ಮಾಡಿಸಾಕ ಬಂದಿದ್ದ. ತಾನ ಅಂದ, ಸುನೀಲಕುಮಾರಗ ಹೊಸಪೇಟಿಗೆ ವರ್ಗ ಆತು ಅಂತ. ನಾ ಕೇಳಿದ್ದಲ್ಲ. ನೀ ಇವತ್ತು ಹೇಳ್ತಿ, ನಾಳೆ ಹೇಳ್ತಿ ಅಂತ ಕಾಯ್ದೆ. ನೀ ನೋಡಿದ್ರ ಕೆಂಚನ ಬಾಯಿಲೆ ಹೇಳಿಸಿದಿ. ನಂಗ ಸಿಟ್ಟು ಬಂತು. ಸಿಟ್ಟಲ್ಲ... ಏನೋ ಬಂತು.

ಆತು, ಬಿಡು. ಬರೂ ಐತವಾರ ಕೆಂಚ ಏನ್ ಮಾಡ್ತಾನ, ನೀನ ಹೇಳು. ನಾ ಒಂದು ಮಾತು ಅಡ್ಡ ತರೂದಿಲ್ಲ.

ಹೊಸಪೇಟಿ ಏನ್ ದೂರಿಲ್ಲಂತ. ಬಸ್ ಸ್ಟ್ಯಾಂಡಿಗೆ ಹೋಗಿ ಕೇಳ್ಕೊಂಡ ಬಂದೇನಿ. ಐತವಾರ ಮುಂಜಾನಿ ಬಸ್ಸು ಖಾಲಿ ಇರ್ತಾವಂತ.