ಫ್ಯಾನಿನ ಸದ್ದಿಗೆ ಕಿವಿ ಕೊಟ್ಟವರು

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ ತಾಯಿಗೂ ಜೊಂಪು ಹತ್ತುತ್ತಿತ್ತು. ಪಕ್ಕದಲ್ಲಿ, ಕಣ್ಣಿಗೆ ಹನಿ ಹಾಕಿಸಿಕೊಂಡು ರೆಪ್ಪೆ ಮುಚ್ಚಿದ್ದ ಮುದುಕರು. ಮುಷ್ಟಿಯಲ್ಲಿ ಮೊಬೈಲು ಹಿಡಿದ ಅವರ ಮಗಳು. ಮೇಲೆ ಫ್ಯಾನು ಗುಂಯ್‌ಗುಡುತ್ತಿತ್ತು.

"ಹನ್ನೊಂದಾಯ್ತೇನೆ?"

"ಕಣ್ಣು ಬಿಡ್ಬೇಡಪ್ಪ. ಆದಾಗ ಹೇಳ್ತೀನಿ."

"ಮೂವತ್ತು ವರ್ಷ ಪವರ್ ಹೌಸಿನಲ್ಲಿ ನಾನು ಓಡಿಸಿದ ಜನರೇಟರು ಕಣೇ. ಇವತ್ತು ಹನ್ನೊಂದಕ್ಕೆ ನಿಲ್ಲಿಸ್ತಿದ್ದೀರಿ."

"ಅದರ ಕೆಲಸ ನಮ್ಮ ಬ್ಯಾಟರಿಗಳು ಮಾಡ್ತವೆ."

"ಕರೆಂಟು ಕೊಡ್ತವೆ, ಒಪ್ಪಿದೆ. ಸೆಕೆಂಡಿಗೆ ಐವತ್ತು ಮಿಡಿತದ ಆ ತಾಳ ಯಾರು ಹಿಡೀತಾರೆ? ಊರಲ್ಲಿ ದಿಢೀರಂತ ಲೋಡು ಏರಿದ್ರೆ, ನಮ್ಮ ಚಕ್ರ ತನ್ನ ಭಾರದಲ್ಲೇ ತಿರುಗ್ತಾ ತಡ್ಕೊಳ್ತಿತ್ತು. ನಿನ್ನ ಪೆಟ್ಟಿಗೇಲಿ ತಿರುಗೋದೇನಿದೆ, ಮಣ್ಣು!"

"ಏನೂ ಇಲ್ಲ. ಬ್ಯಾಟರಿ ಕರೆಂಟನ್ನ ಊರಿಗೆ ಹೊಂದಿಸಿ ಕೊಡೋ ಹಳೇ ಇನ್ವರ್ಟರುಗಳು ನಿನ್ನ ಚಕ್ರದ ತಾಳ ಕೇಳ್ಕೊಂಡು ಹೆಜ್ಜೆ ಹಾಕ್ತಿದ್ವು. ಈ ಹೊಸವು ತಾವೇ ತಾಳ ಹಾಕ್ತವೆ. ನಾನೇ ಕೂತು ಕಲಿಸಿದ್ದೀನಿ."

"ತಪ್ಪಿದ್ರೆ?"

"ಊರಿಗೂರೇ ಆಫ್. ಬೈಗುಳವೆಲ್ಲ ನಂಗೆ."

"ತಪ್ಪಿದ್ರೆ ಮೊದಲು ನಂಗೇ ಗೊತ್ತಾಗೋದು. ಈ ಫ್ಯಾನಿನ ಸದ್ದು ಒಂದೆಳೆ ಇಳಿದ್ರೂ ಸಾಕು."

ಮೆಸೇಜು ಬಂದು ಮಗಳ ಮುಷ್ಟಿಯಲ್ಲಿ ಮೊಬೈಲು ಒಮ್ಮೆ ನಡುಗಿತು; ಓದಿ ಮತ್ತೆ ಮುಷ್ಟಿ ಮುಚ್ಚಿದಳು. ಫ್ಯಾನು ಒಂದೇ ಸಮನೆ ತಿರುಗುತ್ತಿತ್ತು. ಅರೆನಿದ್ದೆಯಲ್ಲಿದ್ದ ತಾಯಿಗೆ ಊರೆಲ್ಲ ತನ್ನ ಮಗುವಿನ ಹಾಗೆ ಒಂದೇ ಲಯದಲ್ಲಿ ಉಸಿರಾಡುತ್ತಿದೆ ಅನಿಸಿತು.

"ಈಗಲಾದ್ರೂ ಹನ್ನೊಂದಾಯ್ತಾ?"

"ನಿನ್ನ ಜನರೇಟರು ನಿಲ್ಲಿಸಿ ಹತ್ತು ನಿಮಿಷ ಆಯ್ತಪ್ಪ."

ಮುದುಕರು ಕತ್ತೆತ್ತಿ, ಮುಚ್ಚಿದ ಕಣ್ಣಲ್ಲೇ ಫ್ಯಾನಿನತ್ತ ಮುಖ ಮಾಡಿದರು. ಬಹಳ ಹೊತ್ತು ಅದರ ಸದ್ದಿಗೆ ಕಿವಿಗೊಟ್ಟರು.

"ನಂಗೇ ಗೊತ್ತಾಗ್ಲಿಲ್ವಲ್ಲೇ."

"ಹೂಂ."

"ಚೆನ್ನಾಗಿ ಕಲಿಸಿದ್ದೀಯ."

ನರ್ಸು ಅವರನ್ನು ಕರೆದಳು. ಮುದುಕರು ಎದ್ದು ಕೈ ಚಾಚಿದರು.

"ಹಿಡ್ಕೋ. ಇನ್ನು ನೀನೇ ನಡೆಸು."

ಮಗಳ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತಾ ಅವರು ಒಳಗೆ ಹೋದರು.